ಅತ್ತೆಯ ಒಲೆಗೆ ಒಂದು ಜಿಂಕೆ

ಅದು ಉಸಿರಾಡುತ್ತಿತ್ತೇ? ಹೊಟ್ಟೆ ಒಮ್ಮೆ ಏರಿ ಇಳಿದದ್ದನ್ನು ತಾನು ನಿಜವಾಗಿ ನೋಡಿದ್ದನೇ, ಇಲ್ಲ ಗುಂಡು ಹೊಡೆದ ಮೇಲೆ ನೋಡಿದೆನೆಂದುಕೊಂಡನೇ? ಕಿವಿಯ ಮೇಲೆ ನೊಣ ಕೂತಿತ್ತು. ಬದುಕಿರುವ ಜಿಂಕೆ ಕಿವಿ ಒದರುತ್ತದೆ. ಮೈ ಬೆಚ್ಚಗಿತ್ತು, ಅದಂತೂ ಖಂಡಿತ. ಆದರೆ ಬಿಸಿಲಲ್ಲಿ ಬಿದ್ದಿರುವ ಕಲ್ಲೂ ಬೆಚ್ಚಗಿರುತ್ತದೆ.

ಮಾವನ ಊರಿನ ಗಂಡಸರ ಚಾವಡಿಯಲ್ಲಿ ಕೂತು ಅಸುಮು ಇದನ್ನೇ ತಿರುವಿಹಾಕುತ್ತಿದ್ದ. ಎದುರಿನ ಅಡುಗೆ ಗುಡಿಸಲಿನಿಂದ ಕಾಡುಮಾವಿನ ಬೀಜದ ಗೊಜ್ಜಿನ ವಾಸನೆ ಬರುತ್ತಿತ್ತು. ಅತ್ತೆ ಓಯಾನೆ, ಹೆಂಡತಿ ಆಂಡೆಮೆ, ಇಬ್ಬರೂ ಒಲೆಯ ಮುಂದಿದ್ದರು.

ಆಂಡೆಮೆ ತವರಿಗೆ ಬಂದು ಎರಡು ತಿಂಗಳಾಗಿತ್ತು. ಗಂಡನೊಡನೆ ಜಗಳವೇನೂ ಆಗಿರಲಿಲ್ಲ. ಮದುವೆಯಾಗಿ ವರ್ಷ ಕಳೆದರೂ ಅಳಿಯ ಅತ್ತೆಯ ಒಲೆಗೆ ತಾನೇ ಹೊಡೆದ ಒಂದು ಪ್ರಾಣಿಯನ್ನೂ ತಂದಿಲ್ಲವೆಂದು ಮಾವ ಬಿಯೋಗೊ ಮಗಳನ್ನು ಕರೆಸಿಕೊಂಡಿದ್ದ. ಓಯೆಮ್ ಪಟ್ಟಣದ ಸಂತೆಯಲ್ಲಿ ಕೊಂಡು ತಂದರೆ ಅದು ಲೆಕ್ಕಕ್ಕಿಲ್ಲ. ಅಸುಮು ಶಾಲೆಯ ಮೇಷ್ಟ್ರು, ಕೋವಿ ಅಪ್ಪನದು. ಏಳು ಸಲ ಕಾಡಿಗೆ ಹೋಗಿ ಏಳು ಸಲವೂ ಬರಿಗೈಯಲ್ಲಿ ಬಂದಿದ್ದ. ಎಂಟನೆಯ ಸಲ, ಇವತ್ತು ಬೆಳಿಗ್ಗೆ, ತೊರೆಯ ಪಕ್ಕ ಆ ಗಿಡ್ಡ ಕೆಂಪು ಜಿಂಕೆ ಮಗ್ಗುಲಾಗಿ ಬಿದ್ದಿತ್ತು. ಅವನು ಹತ್ತು ಹೆಜ್ಜೆ ಹಿಂದೆ ಸರಿದು ಗುಂಡು ಹೊಡೆದಿದ್ದ.

ಕಾಡಿನಲ್ಲಿ ಸತ್ತು ಬಿದ್ದ ಪ್ರಾಣಿಯನ್ನು ಮುಟ್ಟಬೇಡಿ, ತಿನ್ನಬೇಡಿ, ಕೊಲ್ಲುವ ಅಂಟುಜ್ವರ ಬರುತ್ತದೆ ಎಂಬ ಚಿತ್ರವನ್ನು ಹೋದ ತಿಂಗಳಷ್ಟೇ ಆರೋಗ್ಯ ಕೇಂದ್ರದ ನರ್ಸ್ ಅವನ ಶಾಲೆಯ ಗೋಡೆಗೆ ಅಂಟಿಸಿ ಹೋಗಿದ್ದಳು. ಮಕ್ಕಳಿಗೆ ಅದನ್ನು ಓದಿ ಹೇಳಿದವನು ಅವನೇ.

ಜಿಂಕೆಯನ್ನು ಸುಲಿದವನು ಆಂಡೆಮೆಯ ತಮ್ಮ ಎಯೆಗೆ, ಊರಿಗೇ ಹೆಸರಾದ ಬೇಟೆಗಾರ. ಅವನೀಗ ಕೈ ಒರೆಸಿಕೊಳ್ಳುತ್ತ ಚಾವಡಿಗೆ ಬಂದ.

"ಭಾವ, ಯಾವ ಸೀಮೆ ಗುಂಡು ನಿಂದು? ತೂತಿದೆ, ರಕ್ತಾನೇ ಇಲ್ಲ!"

ಅಸುಮು ಅವನ ಕೈಗಳನ್ನೇ ನೋಡುತ್ತ ಹೇಳಿದ: "ತೊರೇಲಿ ತೊಳ್ದೆ."

"ತೊಳ್ದ್ಯಾ?"

"ಮೇಷ್ಟ್ರಲ್ವೇನೋ," ಎಂದ ಬಿಯೋಗೊ. "ಹಲಗೆ ಒರೆಸ್ದಂಗೆ ಒರೆಸಿ ತಂದಿದಾರೆ. ನೀನು ಬಾಯ್ಮುಚ್ಚು. ನೀನು ಮೊದಲನೇ ಸಲ ಹೊಡ್ದಿದ್ದೇನು ಹೇಳ್ಲಾ? ನಿಮ್ಮಮ್ಮನ ಕೋಳಿ."

ಎಲ್ಲರೂ ನಕ್ಕರು. ಎಯೆಗೆಯೂ ನಕ್ಕ.

ಊಟ ಬಂತು. ಅಳಿಯ ತಂದ ಮಾಂಸವನ್ನು ಅಳಿಯ ಮುಟ್ಟುವಂತಿಲ್ಲ. ಅದು ಈ ಕಡೆಯ ಪದ್ಧತಿ. ಅವನ ಮುಂದೆ ಒಣಮೀನು ಇಟ್ಟರು. ಹಾಗಾಗಿ ಅವನು ಯಾಕೆ ತಿನ್ನುತ್ತಿಲ್ಲವೆಂದು ಯಾರೂ ಕೇಳಲಿಲ್ಲ. ಪಿತ್ತಜನಕಾಂಗದ ಭಾಗ ಅತ್ತೆಗೆ ಸಲ್ಲಬೇಕು. ಅಡುಗೆ ಗುಡಿಸಲಿನ ಬಾಗಿಲಲ್ಲಿ ಕೂತು ಓಯಾನೆ ಅದನ್ನು ಬೆರಳಿನಿಂದ ಎತ್ತಿ, ಅಳಿಯನ ಕಡೆ ತೋರಿಸಿ ಬಾಯಿಯ ಹತ್ತಿರ ತಂದಳು.

ಅಸುಮು ಎದ್ದು ನಿಂತ. "ಅತ್ತೆ..."

ಆಂಡೆಮೆ ಮರಗೆಣಸಿನ ಕಡುಬು ಮುರಿಯುತ್ತಿದ್ದವಳು ತಲೆಯೆತ್ತಿದಳು. ಗಂಟು ಕಟ್ಟಿಟ್ಟ ಅವಳ ಬಟ್ಟೆಬರೆ ಬಾಗಿಲ ಪಕ್ಕದಲ್ಲಿತ್ತು.

"ಏನಪ್ಪಾ?" ಎಂದಳು ಓಯಾನೆ.

"ಉಪ್ಪು... ಸರಿಯಾಗಿದ್ಯಾ?"

"ತಿನ್ನದೇ ಇರೋನಿಗೆ ಉಪ್ಪಿನ ಚಿಂತೆ ನೋಡು!" ಎಂದು ಅವಳು ತುಂಡನ್ನು ಬಾಯಿಗೆ ಹಾಕಿಕೊಂಡಳು. ಈ ಸಲ ನಗು ಬೇಗ ನಿಲ್ಲಲಿಲ್ಲ.

ಮರುದಿನ ಅವನು ಹೆಂಡತಿಯನ್ನು ಮನೆಗೆ ಕರೆತಂದ. ಆಮೇಲೆ ದಿನಾ ಬೆಳಿಗ್ಗೆ, ಅವಳು ಏಳುವ ಮೊದಲು, ಹಣೆ ಮುಟ್ಟಿ ನೋಡುತ್ತಿದ್ದ. ಐದನೆಯ ದಿನ ಅವಳು ಕಣ್ಣು ಬಿಡದೆಯೇ ಅವನ ಕೈ ಹಿಡಿದುಕೊಂಡಳು.

"ಏನಿದು, ಇಷ್ಟೊಂದು ಪ್ರೀತಿ? ಎರಡು ತಿಂಗಳು ಒಬ್ರೇ ಇದ್ದಿದ್ಕಾ?"

ಅವಳ ಹಣೆ ತಣ್ಣಗಿತ್ತು. ತನ್ನ ಕೈಯೇ ಬಿಸಿಯಿದೆಯೇನೋ ಎಂದು ಅವನಿಗೆ ಅನುಮಾನವಾಯಿತು.

ಒಂಬತ್ತನೆಯ ದಿನ ಎಯೆಗೆಯಿಂದ ಸುದ್ದಿ ಬಂತು: ಅಮ್ಮನಿಗೆ ಜ್ವರ. ಗಂಡಹೆಂಡಿರು ಹೋಗುವ ಹೊತ್ತಿಗೆ ಓಯಾನೆಯನ್ನು ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದು ಚಾಪೆಯ ಮೇಲೆ ಮಲಗಿಸಿದ್ದರು. ಕಣ್ಣು ಕೆಂಪಾಗಿದ್ದವು. ಗೋಡೆಗೆ ಚಿತ್ರ ಅಂಟಿಸಿದ್ದ ಅದೇ ನರ್ಸ್ ಕೈಗೆ ರಬ್ಬರ್ ಗವಸು ಹಾಕಿಕೊಂಡು, ಮುಟ್ಟದೆ, ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಈ ಹದಿನೈದು ದಿನದಲ್ಲಿ ಕಾಡುಮಾಂಸ ತಿಂದಿದ್ರಾ?"

"ಜಿಂಕೆ ತಿಂದ್ವಿ," ಎಂದ ಎಯೆಗೆ.

"ಹೊಡೆದದ್ದೋ, ಸಿಕ್ಕಿದ್ದೋ? ಸಿಕ್ಕಿದ್ದಾದ್ರೆ ಹೇಳ್ಬಿಡಿ, ಯಾರೂ ಬಯ್ಯಲ್ಲ. ಇವರನ್ನ ಬೇರೆ ಕೋಣೇಲಿ ಇಡ್ಬೇಕು, ತಿಂದೋರೆಲ್ಲ ಇಲ್ಲೇ ಉಳೀಬೇಕು. ಅಷ್ಟೇ."

"ಸಿಕ್ಕಿದ್ದಾ?" ಆಂಡೆಮೆಗೆ ಸಿಟ್ಟು ಬಂತು. "ನಮ್ಮೋರೇ ಹೊಡ್ದಿದ್ದು. ಒಂದೇ ಗುಂಡು. ಬೇಕಾದ್ರೆ ನನ್ನ ತಮ್ಮನ್ನ ಕೇಳಿ."

"ತೂತು ನಾನೇ ನೋಡಿದೀನಿ," ಎಂದ ಎಯೆಗೆ. ಹೇಳಿದವನು ಭಾವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದ.

ನರ್ಸ್ ಅಸುಮುವಿನ ಕಡೆ ತಿರುಗಿದಳು. "ಮೇಷ್ಟ್ರೇ, ನೀವಾ ಹೊಡ್ದಿದ್ದು?"

"ಹೌದು, ನಾನೇ ಗುಂಡು ಹೊಡ್ದೆ," ಎಂದ. ಅದು ಸುಳ್ಳಾಗಿರಲಿಲ್ಲ.

"ಹಂಗಾದ್ರೆ ಸರಿ. ಆ ಚಿತ್ರ ಮಕ್ಕಳಿಗೆ ಓದಿ ಹೇಳ್ದೋರು ನೀವೇ, ನಿಮಗೆ ನಾನು ಬಿಡಿಸಿ ಹೇಳ್ಬೇಕಾ?" ಅವಳು ಗವಸು ಕಳಚಿದಳು. ಬರಿಗೈಯಲ್ಲಿ ಓಯಾನೆಯ ಕತ್ತಿನ ಕೆಳಗೆ ಕೈಕೊಟ್ಟು ಎತ್ತಿ, ಮಲೇರಿಯಾದ ಮಾತ್ರೆ ನುಂಗಿಸಿದಳು. ನೀರು ತುಟಿಯಂಚಿನಿಂದ ಇಳಿದು ನರ್ಸಿನ ಮಣಿಕಟ್ಟಿನ ಮೇಲೆ ಹರಿಯಿತು.

ಆಂಡೆಮೆ ತಾಯಿಯ ಪಕ್ಕ ಕೂತು, ಉಟ್ಟ ಬಟ್ಟೆಯ ತುದಿಯಿಂದ ಅವಳ ಹಣೆಯ ಬೆವರು ಒರೆಸಿದಳು. ಅದೇ ತುದಿಯಿಂದ ತನ್ನ ಮುಖವನ್ನೂ ಒರೆಸಿಕೊಂಡಳು.

"ಇವತ್ತು ಯಾಕೋ ತುಂಬಾ ಸೆಕೆ, ಅಲ್ವಾ?" ಎಂದಳು ಗಂಡನಿಗೆ.

ಹೊರಗೆ ಮೋಡ ಕವಿದು ಗಾಳಿ ತಣ್ಣಗೆ ಬೀಸುತ್ತಿತ್ತು. ಅಸುಮು ಹೂಂಗುಟ್ಟಿದ. ತಾನು ಕೋವಿ ಎತ್ತುವ ಮೊದಲೇ ಜಿಂಕೆ ಸತ್ತಿತ್ತು ಎಂದು ಮಾತ್ರ ಅವನು ಹೇಳಲಿಲ್ಲ.