ಒಂದು ಪಾಲು ಐಸು

ಪನಿಯಡಿಮ ಸೀಸೆಯ ಮುಚ್ಚಳವನ್ನು ಮೂರನೆಯ ಸಲ ತಿರುಗಿಸಿ ನೋಡಿದ. ಬಿಗಿಯಾಗಿಯೇ ಇತ್ತು. ಹೆಬ್ಬೆರಳುದ್ದದ ಸೀಸೆ, ಅದರೊಳಗೆ ನೀರಿನಂಥ ದ್ರವ, ದ್ರವದಲ್ಲಿ ನೂಲಿನ ತುಂಡುಗಳಂಥ ನಾಲ್ಕು ಎಳೆ. ಅರ್ಧ ಗಂಟೆಯ ಹಿಂದೆ ಅವು ಅವನ ಅಕ್ಕ ಸಿಲುವಮ್ಮನ ಬಲ ಮೊಲೆಯೊಳಗಿದ್ದವು.

"ಇದನ್ನ ನೀವೇ ತಗೊಂಡು ಹೋಗಿ ನಗರದ ದೊಡ್ಡಾಸ್ಪತ್ರೆ ಕಿಟಕೀಲಿ ಕೊಡಬೇಕು," ಎಂದಳು ಊರಾಸ್ಪತ್ರೆಯ ನರ್ಸು. "ಪರೀಕ್ಷೆ ಮಾಡೋರು ಇಲ್ಲಿಲ್ಲ. ಇವತ್ತು ಕಿಟಕಿ ಮುಚ್ಚಿರುತ್ತೆ, ನಾಳೆ ಬೆಳಿಗ್ಗೆ ಹೋಗಿ. ಮುಚ್ಚಳ ಮಾತ್ರ ತೆಗೀಬೇಡಿ."

ಸಿಲುವಮ್ಮ ಹೆಗಲ ವಸ್ತ್ರವನ್ನು ಎದೆಯ ಪಟ್ಟಿಯ ಮೇಲೆ ಎಳೆದುಕೊಳ್ಳುತ್ತ ಹೊರಗೆ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ.

"ಒಂದೇ ಸೂಜಿ ಅಂತ ನೀನು ಅಂದಿದ್ದೆ. ನಾಲ್ಕು ಸಲ ಟಪ್ ಅಂತು. ನನಗೇನು ಎಣಿಸೋಕೆ ಬರಲ್ವಾ?"

"ಸೂಜಿ ಒಂದೇ ಅಕ್ಕ. ಚುಚ್ಚಿದ್ದು ನಾಲ್ಕು ಸಲ."

"ಓಹೋ! ನನ್ನ ಮೀನಿನ ಬುಟ್ಟಿ ಪಕ್ಕ ಕೂತು ವ್ಯಾಪಾರ ಕಲ್ತವನು, ಈಗ ನನಗೇ ತೂಕ ಹೇಳ್ತೀಯ."

ಅವನು ನಕ್ಕ. ಅವಳು ನಗಲಿಲ್ಲ. "ಮಾತು ಮಾತೇ ಕಣೋ ಪನೀ. ಒಂದು ಅಂದ್ರೆ ಒಂದು. ಇನ್ನೊಂದು ಸಲ ಈ ಬಾಗಿಲಿಗೆ ಕರೀಬೇಡ."

ಆ ಮಾತನ್ನು ಕೊಟ್ಟವನು ಅವನೇ. ತಾಯಿಗೆ ಇದೇ ಜಾಗದಲ್ಲಿ ಗಡ್ಡೆ ಎದ್ದಾಗ ಸೂಜಿ ಹಾಕಿ ನೋಡಿದ್ದರು. ನಲವತ್ತೊಂದನೆಯ ದಿನ ಇಗರ್ಜಿಯ ಹಿಂದಿನ ಮರಳಿನಲ್ಲಿ ಮಣ್ಣು ಮಾಡಿದ್ದರು. ಸೂಜಿ ತಾಗಿದರೆ ಹುತ್ತಕ್ಕೆ ಕೋಲು ಹಾಕಿದ ಹಾಗೆ ಎಂದು ಕರಾವಳಿಯ ಹೆಂಗಸರು ಆಗ ಹೇಳಿದ್ದನ್ನು ಸಿಲುವಮ್ಮ ಮರೆತಿರಲಿಲ್ಲ. ಆದುದರಿಂದಲೇ ತನ್ನ ಗಡ್ಡೆಯನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಗಡ್ಡೆ ನಿಂಬೆಯಷ್ಟಾಗಿ, ಮೇಲಿನ ಚರ್ಮ ಒಳಕ್ಕೆ ಸೆಳೆದು, ಕಂಕುಳಲ್ಲಿ ಇನ್ನೊಂದು ಕಾಣಿಸಿ, ಬುಟ್ಟಿ ಎತ್ತುವಾಗ ಬಲಗೈ ಅರ್ಧಕ್ಕೇ ನಿಂತ ದಿನ ತಮ್ಮನಿಗೆ ತಿಳಿಯಿತು. ಸೂಜಿಗೆ ಒಪ್ಪಿಸಲು ಅವನಿಗೆ ಐದು ವಾರ ಹಿಡಿಯಿತು.

ಸೂಜಿ ಹಾಕಿದ ಆ ಶುಕ್ರವಾರ ಸಂಜೆ ಎಲ್ಲೋ ಯಾರನ್ನೋ ಕಡಿದು ಹಾಕಿದ ಸುದ್ದಿ ಬಂತು, ಮರುದಿನ ಹರತಾಳ. ಬಸ್ಸಿಲ್ಲ, ಆಟೋ ಇಲ್ಲ. ಅದರ ಮರುದಿನ ಭಾನುವಾರ. ಒಂದು ರಾತ್ರಿ ಕಳೆಯಬೇಕಾಗಿದ್ದ ಸೀಸೆ ಮೂರು ರಾತ್ರಿ ಅವನ ಮನೆಯಲ್ಲಿ ಉಳಿಯುವುದೆಂದಾಯಿತು.

ಶನಿವಾರ ಬೆಳಿಗ್ಗೆ ಚೀಲ ತೆರೆದಾಗ ಸೀಸೆಗೆ ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು. ಮುಚ್ಚಳ ಎಷ್ಟು ಬಿಗಿಯಿದ್ದರೂ ಒಂದೆರಡು ಹನಿ ಜಿನುಗಿತ್ತು. ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗಿತು. ಪನಿಯಡಿಮನಿಗೆ ಆ ವಾಸನೆಯ ಗುರುತು ಹಿಡಿಯಲು ಎರಡನೆಯ ಉಸಿರು ಬೇಕಾಗಲಿಲ್ಲ. ಫಾರ್ಮಲಿನ್, ಮೀನು ಕೆಡದಂತೆ ಕದ್ದು ಹೊಡೆಯುವ ವಿಷ. ಹೊರಗಿನಿಂದ ಬಂದ ಲಾರಿಯೊಂದರಲ್ಲಿ ಅದನ್ನು ಹೊಡೆದ ಬಂಗುಡೆ ಮೀನು ಸಿಕ್ಕಾಗ, ಗುಂಡಿ ತೋಡಿ ಇಡೀ ಲೋಡನ್ನು ಹೂತವರಲ್ಲಿ ಅವನೂ ಒಬ್ಬ. ಬಂದರಿನಲ್ಲಿ ಇಪ್ಪತ್ತಾರು ವರ್ಷ ಐಸು ಒಡೆದವನು ಅವನು. ಒಂದು ಪಾಲು ಮೀನಿಗೆ ಒಂದು ಪಾಲು ಐಸು: ಈ ಲೆಕ್ಕವನ್ನು ಅವನು ಯಾರಿಗೋಸ್ಕರವೂ ತಪ್ಪಿಸಿದವನಲ್ಲ. ಅಕ್ಕನೂ ಹಾಗೆಯೇ. ಮನೆ ಮನೆಯ ಮುಂದೆ ಬುಟ್ಟಿ ಇಳಿಸಿ ಅವಳು ಕೂಗುತ್ತಿದ್ದುದು ಒಂದೇ ಮಾತು: "ನನ್ನ ಮೀನಿನ ಮೇಲೆ ನೊಣ ಕೂರುತ್ತೆ, ನೋಡಿ ತಗೊಳ್ಳಿ!" ವಿಷದ ಮೀನನ್ನು ನೊಣ ಮುಟ್ಟುವುದಿಲ್ಲ.

ಅವನು ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನರ್ಸಿನ ಮಾತು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಹತ್ತು ದಿನದ ಹೆಣವನ್ನು ಈ ಹೊತ್ತಿನ ಮೀನೆಂದು ತೋರಿಸುವ ದ್ರವ ಅದು. ಮೀನಿನ ಬಾಯಲ್ಲಿ ಸುಳ್ಳು ಹೇಳಿಸುವಂಥದು ಅಕ್ಕನ ಮಾಂಸದ ಬಾಯಲ್ಲಿ ನಿಜ ಹೇಳಿಸುವುದು ಹೇಗೆ? ಒಂದು ರಾತ್ರಿಗೆಂದು ಹಾಕಿರಬೇಕು. ಮೂರು ರಾತ್ರಿ ಅದರಲ್ಲಿ ನೆನೆದರೆ ಏನು ಉಳಿದೀತು? ಅಕ್ಕ ಕೊಟ್ಟಿರುವುದು ಒಂದೇ ಅವಕಾಶ.

ಅವನು ಮುಚ್ಚಳ ತೆಗೆದು ದ್ರವವನ್ನು ತೆಂಗಿನ ಬುಡದಿಂದ ದೂರ ಚೆಲ್ಲಿದ. ಎಳೆಗಳನ್ನು ಬಾವಿಯ ನೀರಿನಲ್ಲಿ ಮೂರು ಸಲ ತೊಳೆದ. ಸೀಸೆಯಲ್ಲಿ ಪುಡಿ ಐಸು ತುಂಬಿ, ಅದನ್ನು ಐಸಿನ ಡಬ್ಬದಲ್ಲಿಟ್ಟ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬಸಿದು ಹೊಸ ಐಸು ತುಂಬಿದ. ಇಷ್ಟು ಜೋಪಾನವಾಗಿ ಅವನು ಯಾವ ಮೀನನ್ನೂ ಕಾದಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ದೊಡ್ಡಾಸ್ಪತ್ರೆಯ ಕಿಟಕಿಯಲ್ಲಿ ಸೀಸೆ ಕೊಟ್ಟ. ಒಳಗಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮ ಅದನ್ನು ಅಲುಗಿಸಿ ನೋಡಿ ಕೇಳಿದಳು: "ಇದರಲ್ಲಿದ್ದ ದ್ರವ ಎಲ್ಲಿ?"

"ಚೆಲ್ಲಿಬಿಟ್ಟೆ ಮೇಡಂ. ಅದು ವಿಷ. ಎರಡು ದಿನ ಐಸಲ್ಲಿ ಇಟ್ಟಿದೀನಿ, ಕರಗೋಕೆ ಬಿಟ್ಟಿಲ್ಲ."

ಅವಳು ಅವನ ಮುಖ ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ.

"ವಿಷವೇ ಅಣ್ಣ. ಅದರಲ್ಲಿ ಇದ್ದರೇ ನಮಗೆ ನಿಜ ಕಾಣೋದು. ಎಷ್ಟು ದಿನ ಬೇಕಾದರೂ ಇರ್ತಿತ್ತು."

"ಮೀನಿಗೆ..." ಎಂದ ಅವನು.

ಎರಡು ಗಂಟೆ ಕೂರಿಸಿದರು. ಆಮೇಲೆ ಅವಳೇ ಹೊರಗೆ ಬಂದು ಚೀಟಿ ಕೊಟ್ಟಳು. ಎಳೆಗಳು ನೀರು ಕುಡಿದು ಕೊಳೆತಿವೆ, ಓದುವುದಕ್ಕೆ ಏನೂ ಉಳಿದಿಲ್ಲ, ಮತ್ತೆ ತೆಗೆಯಬೇಕು. "ನಾಳೇನೇ ಕರ್ಕೊಂಡು ಹೋಗಿ. ಕಂಕುಳಲ್ಲೂ ಇದೆ ಅಂತ ಬರೆದಿದ್ದಾರೆ. ಹೀಗಿರೋವಾಗ ದಿನ ಕಳೀಬಾರದು. ಈಗಾಗಲೇ..."

ಬಸ್ಸಿನಲ್ಲಿ ಹದಿನೇಳು ನಿಲ್ದಾಣ. ಅಷ್ಟರಲ್ಲಿ ಪನಿಯಡಿಮ ಮೂರು ಸುಳ್ಳುಗಳನ್ನು ಕಟ್ಟಿ, ಮೂರನ್ನೂ ಕೆಡವಿದ.

ಸಿಲುವಮ್ಮ ಐಸಿನ ಕೊಟ್ಟಿಗೆಯ ನೆರಳಿನಲ್ಲಿ ಕೂತು ಸಂಜೆಯ ವ್ಯಾಪಾರಕ್ಕೆ ಬೂತಾಯಿ ಮೀನು ಜೋಡಿಸುತ್ತಿದ್ದಳು. ಎಡಗೈಯಿಂದ.

"ಏನಂತೆ? ಮುಖ ಯಾಕೆ ಒಣಗಿದ ಸೊರ ಮೀನಿನ ಹಾಗಿದೆ?"

ಅವನು ನಿಂತುಕೊಂಡೇ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದ. ಅವಳು ಒಂದು ಸಾಲು ಮೀನು, ಅದರ ಮೇಲೆ ಒಂದು ಹಿಡಿ ಐಸು, ಮತ್ತೆ ಒಂದು ಸಾಲು ಮೀನು ಇಡುತ್ತ ಕೇಳಿದಳು. ಅವನ ಮಾತು ಮುಗಿದ ಮೇಲೂ ಒಂದು ಸಾಲು ಇಟ್ಟಳು.

"ಐಸು ಎಷ್ಟು ಹಾಕಿದ್ದೆ?"

"ಒಂದಕ್ಕೆ ಒಂದು."

"ಬದಲಾಯಿಸ್ತಿದ್ದೆಯಾ?"

"ದಿನಕ್ಕೆ ಎರಡು ಸಲ."

"ನೀರು ಬಸಿದು?"

"ಬಸಿದೇ ಅಕ್ಕ."

"ಮತ್ತೆ ಸರಿಯಾಗೇ ಮಾಡಿದೀಯ," ಎಂದಳು.

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಜೇಬಿನಿಂದ ಚೀಟಿ ತೆಗೆದು ಅವಳ ಮುಂದೆ ಹಿಡಿದ. "ನಾಳೆ ಇನ್ನೊಂದೇ ಸಲ. ಈ ಸಲ ಸೀಸೇನ ನಾನು ಮುಟ್ಟೋದೂ ಇಲ್ಲ."

"ನಾಳೆ ಮಂಗಳವಾರ. ಇಗರ್ಜೀಲಿ ಸಂತ ಅಂತೋಣಿಯವರ ನೊವೇನ ಪ್ರಾರ್ಥನೆ."

"ನೊವೇನ ಸಂಜೆಗಲ್ವಾ?"

"ಬೆಳಿಗ್ಗೆ ಮೀನು."

"ಅಕ್ಕ, ಕಾಲಿಗೆ ಬೀಳ್ತೀನಿ."

"ಬಿದ್ರೆ ಎಬ್ಬಿಸೋಕೆ ನನ್ನ ಕೈ ಏಳಲ್ಲ ಕಣೋ," ಎಂದಳು ಅವಳು. "ಅಮ್ಮನಿಗೂ ಎರಡನೇ ಸಲ ಬನ್ನಿ ಅಂದಿದ್ರು. ನೀನಾಗ ಚಿಕ್ಕವನು. ನಾನೇ ಕರ್ಕೊಂಡು ಹೋಗಿದ್ದೆ." ಕೊನೆಯ ಸಾಲಿನ ಮೇಲೆ ಒಂದು ಹಿಡಿ ಐಸು ಹಾಕಿದಳು. "ಬುಟ್ಟಿ ಎತ್ತು. ಹೊತ್ತಾಯ್ತು."

ಅವನು ಕದಲಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ಅವಳು ಚೀಟಿಯನ್ನು ತೆಗೆದುಕೊಂಡು, ಎರಡು ಮಡಿಕೆ ಮಾಡಿ, ಹಳೆಯ ಬಟ್ಟೆಯ ಸಿಂಬಿಯೊಳಗೆ ತುರುಕಿ, ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡಳು. ಅವನು ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಳಿಸಿದ. ಭಾರಕ್ಕೆ ಅವಳ ಕತ್ತು ಒಮ್ಮೆ ಕುಗ್ಗಿ ನೆಟ್ಟಗಾಯಿತು. ಎಡಗೈ ಬುಟ್ಟಿಯ ಅಂಚು ಹಿಡಿಯಿತು. ಬಲಗೈ ಮೇಲಕ್ಕೆ ಹೊರಟು, ಭುಜದವರೆಗೂ ಬಾರದೆ, ಕೆಳಗಿಳಿಯಿತು.

ಅವಳು ಇಗರ್ಜಿಯ ಬದಿಯ ಓಣಿ ಹಿಡಿದು ನಡೆದಳು. ಐಸಿನ ನೀರು ಬುಟ್ಟಿಯಿಂದ ಚೀಟಿಯಿದ್ದ ಸಿಂಬಿಗೆ, ಸಿಂಬಿಯಿಂದ ಬೆನ್ನಿಗೆ ಇಳಿಯುತ್ತಿತ್ತು. ಮೊದಲ ಮನೆಯ ಬಾಗಿಲಲ್ಲಿ ಅವಳ ಕೂಗು ಕೇಳಿಸಿತು: "ನೊಣ ಕೂರುತ್ತೆ, ನೋಡಿ ತಗೊಳ್ಳಿ!"

ಪನಿಯಡಿಮ ಕೊಟ್ಟಿಗೆಯ ಬಳಿಯೇ ನಿಂತಿದ್ದ. ಅವಳು ಕೂತಿದ್ದ ಕಡೆ ಹಲಗೆ ಇನ್ನೂ ಒದ್ದೆಯಾಗಿತ್ತು. ಎರಡು ನೊಣ ಅದರ ಮೇಲೆ ಇಳಿದು, ಕೈ ಉಜ್ಜಿಕೊಂಡು, ಓಣಿಯ ಕಡೆಗೆ ಹಾರಿದವು.