ಗಂಜಿ ಹಾಕದ ಕಾಲರ್

ನನ್ನ ತಮ್ಮ ಶಾಸಕ, ನಾನು ಇಸ್ತ್ರಿ ಅಂಗಡಿಯವಳು. ಅವನ ಬಿಳಿ ಅಂಗಿಗಳನ್ನು ನನ್ನನ್ನು ಬಿಟ್ಟು ಇನ್ಯಾರೂ ಮುಟ್ಟುವ ಹಾಗಿಲ್ಲ. ಅಕ್ಕನ ಮೇಲೆ ಎಷ್ಟು ಪ್ರೀತಿ ಅಂತ ಬೀದಿಯವರು ಹೊಗಳುತ್ತಾರೆ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಹಾಕುವಷ್ಟು ಗಂಜಿಯನ್ನು ಕಾಲರಿಗೆ ಬೇರೆ ಯಾರೂ ಹಾಕುವುದಿಲ್ಲ, ಅಷ್ಟೇ. ಊಟ ಮುಗಿಸಿ ಸದನದಲ್ಲಿ ಹೋಗಿ ಕೂತರೆ ಅವನಿಗೆ ಕಣ್ಣು ಎಳೆಯುತ್ತದೆ. ಕಾಲರ್ ಹಲಗೆಯ ಹಾಗೆ ಗಟ್ಟಿಯಾಗಿದ್ದರೆ ಕತ್ತು ವಾಲುವುದಿಲ್ಲ, ಟೀವಿಯಲ್ಲಿ ನೋಡುವವರಿಗೆ ಏನೋ ಗಹನವಾಗಿ ಯೋಚಿಸುತ್ತಿದ್ದಾನೆ ಅನಿಸುತ್ತದೆ. ಇದು ನಮ್ಮಿಬ್ಬರ ಗುಟ್ಟು. ನೀನು ಎರಡು ಸಲ ಗೆದ್ದಿದ್ದು ಭಾಷಣದಿಂದಲ್ಲ ಕಣೋ, ನನ್ನ ಗಂಜಿಯಿಂದ ಅಂತ ಮುಖಕ್ಕೇ ಹೇಳಿದ್ದೇನೆ. ನಗುತ್ತಾನೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಅಂಗಡಿಯ ಹಿಂದೆ ಒಂದು ಕೋಣೆ ಇದೆ. ಬಟ್ಟೆಗಂಟುಗಳನ್ನು ಗೋಡೆಗೆ ಒತ್ತರಿಸಿದರೆ ಇಪ್ಪತ್ತು ಜನ ಕೂರಬಹುದು. ರಜೆಯ ದಿನ ಸಂಜೆ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಅಲ್ಲಿ ಸೇರುತ್ತಾರೆ. ರಕ್ತ ಅಂಟಿದ ಹಾಸಿಗೆ ಬಟ್ಟೆಯನ್ನು ಬರಿಗೈಯಲ್ಲಿ ತಿಕ್ಕುವುದಿಲ್ಲ ಅಂತ ಅವರು ತೀರ್ಮಾನ ಮಾಡಿದ್ದು ಆ ಕೋಣೆಯಲ್ಲೇ. ಗುತ್ತಿಗೆದಾರ ಹಾರಾಡಿದ, ಹೆದರಿಸಿದ, ಕೊನೆಗೆ ಬಾಯಿ ಮುಚ್ಚಿಕೊಂಡು ಕೈಗವಸು ತಂದುಕೊಟ್ಟ. ಅವರಲ್ಲೊಬ್ಬಳಾದ ನನ್ನ ನಾದಿನಿಯ ಬೆರಳಿನ ಹುಣ್ಣು ಮಾಯ್ದದ್ದು ಆಮೇಲೆ.

ಹೀಗಿರುವಾಗ ಆ ಮಸೂದೆ ಬಂತು. ಹತ್ತು ಜನಕ್ಕಿಂತ ಹೆಚ್ಚು ಮಂದಿ ಸೇರಿ ಕೆಲಸದ ವಿಚಾರವೋ ಸರ್ಕಾರದ ವಿಚಾರವೋ ಮಾತಾಡಬೇಕಾದರೆ, ಸ್ವಂತ ಮನೆಯೊಳಗೇ ಆದರೂ, ಠಾಣೆಯ ಅನುಮತಿ ಬೇಕಂತೆ. ಇಲ್ಲದಿದ್ದರೆ ಪೊಲೀಸರು ಕೋರ್ಟಿನ ಆದೇಶವಿಲ್ಲದೆ ಒಳಗೆ ನುಗ್ಗಬಹುದಂತೆ. ಇದನ್ನು ಚರ್ಚೆಗೆ ತೆಗೆದುಕೊಳ್ಳೋಣವೇ ಅಂತ ಸಭಾಧ್ಯಕ್ಷರು ಕೇಳುವುದನ್ನು ಅಂಗಡಿಯ ಟೀವಿಯಲ್ಲಿ ನೋಡುತ್ತಿದ್ದೆ. ಅಕ್ಕಪಕ್ಕದವರು ಹೌದು ಅಂದ ಸದ್ದಿಗೆ ನನ್ನ ತಮ್ಮ ನಿದ್ದೆಯಿಂದ ಬೆಚ್ಚಿಬಿದ್ದು, ಎಲ್ಲರಿಗಿಂತ ಜೋರಾಗಿ ಹೌದು ಅಂದ. ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಆ ಪ್ಯಾಂಟಿನ ಕಥೆ ಬೇರೆ.

ಮಾರನೇ ದಿನ ಯೂನಿಫಾರ್ಮ್ ಒಯ್ಯಲು ಬಂದ ಪೊಲೀಸಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: ಕಾನೂನು ಪಾಸಾದರೆ ಮೊದಲು ಬೀಗ ಬೀಳುವುದು ನಿಮ್ಮ ಹಿಂದಿನ ಕೋಣೆಗೇ, ಗುತ್ತಿಗೆದಾರ ಈಗಾಗಲೇ ಸಾಹೇಬರ ಕಿವಿ ಊದಿದ್ದಾನೆ. ಪಾಪ, ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ನನ್ನ ತಮ್ಮನಿಗೆ ಕಾದಿಟ್ಟಿದ್ದೆ.

ಸಂಜೆ ಬಂದವನನ್ನು ಕೂರಿಸಿಕೊಂಡು ಚೆನ್ನಾಗಿ ಝಾಡಿಸಿದೆ. ನಿದ್ದೆಗಣ್ಣಲ್ಲಿ ಅಂದೆ ಅಕ್ಕ, ಏನು ಕೇಳಿದರು ಅಂತಲೇ ಗೊತ್ತಿರಲಿಲ್ಲ ಅಂದ. ಕೊನೆಯ ಮತ ಇನ್ನೂ ಬಾಕಿ ಇದೆ, ಅಲ್ಲೂ ಹೀಗೇ ಬಾಯಿಮಾತಿನಲ್ಲೇ ಮುಗಿಸುತ್ತಾರೆ, ಆ ಗದ್ದಲದಲ್ಲಿ ಯಾರ ದನಿ ಯಾರದು ಅಂತ ದೇವರಿಗೂ ತಿಳಿಯುವುದಿಲ್ಲ ಅಂತಲೂ ಹೇಳಿದ. ಹಾಗಾದರೆ ತಿಳಿಯುವುದು ಹೇಗೋ ಅಂದೆ. ಯಾರಾದರೂ ಒಬ್ಬ ಎದ್ದು ಎಣಿಸಿ ಅಂತ ಕೇಳಿದರೆ ಸಾಕಂತೆ, ಒಪ್ಪಿದವರೆಲ್ಲ ಎದ್ದು ನಿಲ್ಲಲೇಬೇಕಂತೆ.

“ಮತ್ತೆ ನೀನೇ ಕೇಳು.”

“ಮಸೂದೆ ನಮ್ಮ ಪಕ್ಷದ್ದೇ, ಕೇಳಿದವನಿಗೆ ಮುಂದಿನ ಸಲ ಟಿಕೆಟ್ ಸಿಗಲ್ಲ ಅಕ್ಕ. ತಮಾಷೆನಾ?”

ನಾನು ನಾದಿನಿಯನ್ನು ಕರೆದು ಕೈ ತೋರಿಸು ಅಂದೆ. ಅವಳು ತೋರಿಸಿದಳು. ಬೆರಳಿನ ಕಲೆಗಳನ್ನು ನೋಡಿ ಅವನು ಮುಖ ತಿರುಗಿಸಿದ. ಆಮೇಲೆ ಎದ್ದು ಹೋದ.

ಕೊನೆಯ ಮತದ ದಿನ ಅವನ ಅಂಗಿ ಕಳಿಸಿದೆ. ಇಸ್ತ್ರಿಯ ಗೆರೆ ನೆಟ್ಟಗಿತ್ತು, ಗುಂಡಿಗಳು ಫಳಫಳ ಹೊಳೆಯುತ್ತಿದ್ದವು. ಕಾಲರಿಗೆ ಮಾತ್ರ ಒಂದು ಹನಿ ಗಂಜಿ ಹಾಕಿರಲಿಲ್ಲ. ಅಂಗಡಿಗೆ ಬೀಗ ಜಡಿದು, ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಸದನದ ಗ್ಯಾಲರಿಯಲ್ಲಿ ಹೋಗಿ ಕೂತೆ.

ಊಟದ ನಂತರ ಮಂತ್ರಿಗಳು ಓದುತ್ತಾ ಹೋದರು. ನನ್ನ ತಮ್ಮನ ಕಣ್ಣು ಮುಚ್ಚಿತು, ಕತ್ತು ಸೊಪ್ಪಿನ ಹಾಗೆ ಬಾಡಿ ಜೋತುಬಿತ್ತು. ಗದ್ದ ಎದೆಗೆ ಬಡಿದು ಎಚ್ಚರವಾಯಿತು. ಮತ್ತೆ ಜೋತುಬಿತ್ತು, ಮತ್ತೆ ಎಚ್ಚರವಾಯಿತು. ಮೂರನೇ ಸಲ ಕಾಲರ್ ಮುಟ್ಟಿ ನೋಡಿಕೊಂಡ. ತಟ್ಟನೆ ಗ್ಯಾಲರಿಯ ಕಡೆ ತಲೆ ಎತ್ತಿದ. ನಾನು ಅವನನ್ನೇ ದುರುಗುಟ್ಟಿಕೊಂಡು ಕೂತಿದ್ದೆ. ಪಕ್ಕದಲ್ಲಿ ನಾದಿನಿ ಎರಡೂ ಕೈಗಳನ್ನು ಮುಂದಿನ ಕಂಬಿಯ ಮೇಲೆ ಇಟ್ಟುಕೊಂಡಿದ್ದಳು. ಆಮೇಲೆ ಅವನಿಗೆ ನಿದ್ದೆ ಬರಲಿಲ್ಲ.

ಒಪ್ಪುವವರು ಹೌದು ಅನ್ನಿ ಅಂದರು ಸಭಾಧ್ಯಕ್ಷರು. ಸೂರು ಹಾರಿಹೋಗುವ ಹಾಗೆ ಸದಸ್ಯರು ಹೌದು ಅಂದರು. ಹೌದು ಅಂದವರೇ ಹೆಚ್ಚು ಅಂತ ಸಭಾಧ್ಯಕ್ಷರು ಸಾರಬೇಕು, ಅಷ್ಟರಲ್ಲಿ ನನ್ನ ತಮ್ಮ ಎದ್ದು ನಿಂತ.

“ಎಣಿಸಿ ಸ್ವಾಮಿ. ಒಬ್ಬೊಬ್ಬರಾಗಿ ಎದ್ದು ನಿಲ್ಲಲಿ. ನಮ್ಮ ಜನ ಮೇಲೆ ಕೂತು ನೋಡ್ತಿದ್ದಾರೆ.”

ಅಷ್ಟು ಹೇಳಿ ಕೂತುಬಿಟ್ಟ, ಮತ್ತೆ ಏಳಲಿಲ್ಲ. ಮುಂದಿನ ಸಾಲಿನವರು ಅವನನ್ನು ನುಂಗುವ ಹಾಗೆ ನೋಡುತ್ತಾ ಎದ್ದರು. ಹಿಂದಿನ ಸಾಲುಗಳಲ್ಲಿ ನಡೆದದ್ದು ನೋಡಬೇಕಿತ್ತು. ಆಗತಾನೇ ಗಂಟಲು ಹರಿದುಕೊಂಡವರು ಕ್ಯಾಮೆರಾ ತಮ್ಮ ಕಡೆ ತಿರುಗುತ್ತಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರಿಗೆ ಕನ್ನಡಕ ಒರೆಸುವ ಕೆಲಸ ಬಂತು, ಇನ್ನೊಬ್ಬರಿಗೆ ಕೆಮ್ಮು ಬಂತು. ಎಣಿಸಿ ಮುಗಿಸುವ ಹೊತ್ತಿಗೆ ಎದ್ದು ನಿಂತವರಿಗಿಂತ ಕೂತವರೇ ಹೆಚ್ಚಿದ್ದರು. ಮಸೂದೆ ಬಿದ್ದುಹೋಯಿತು. ನಾದಿನಿ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಚುಚ್ಚಿತು. ನನಗೆ ಅಳು ಬಂತು, ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನು.

ಅವನನ್ನು ಮೂಲೆಯ ಕುರ್ಚಿಗೆ ತಳ್ಳಿದರು. ಟಿಕೆಟ್ ಇಲ್ಲ ಅಂತಲೂ ಹೇಳಿಯಾಯಿತು. ಅದಕ್ಕೆ ಅವನು ಕೊರಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುಂದಿನ ರಜೆಯ ಸಂಜೆ ಕೋಣೆ ತುಂಬಿತ್ತು. ಆಸ್ಪತ್ರೆಯಲ್ಲಿ ಸಾಬೂನಿಗೂ ಆಸಿಡ್ಡಿಗೂ ಬೇರೆ ಕೋಣೆ ಬೇಕು ಅಂತ ಜೋರಾಗಿ ಮಾತು ನಡೆದಿತ್ತು. ಬಾಗಿಲಲ್ಲಿ ತಮ್ಮ ಬಂದು ನಿಂತ, ಸುಕ್ಕಾದ ಅಂಗಿ, ಮೆತ್ತನೆಯ ಕಾಲರ್. ಹೆಂಗಸರೆಲ್ಲ ತಿರುಗಿ ನೋಡಿದರು.

“ಅಕ್ಕ, ನಾನೂ ಒಳಗೆ ಬರಬಹುದಾ?”

“ಬಾರೋ,” ಅಂದೆ. “ಇಲ್ಲಿಗೆ ಬರೋಕೆ ಯಾರ ಅನುಮತಿನೂ ಬೇಡ. ನಿದ್ದೆ ಮಾತ್ರ ಮಾಡೋ ಹಾಗಿಲ್ಲ.”

ನಾದಿನಿ ಒಂದು ಬಟ್ಟೆಗಂಟನ್ನು ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು.