ಗಂಡಸರ ವಾರ್ಡಿನಲ್ಲಿ ಒಂದು ಧಾರೆ

ಮೂತ್ರನಾಳ ಸರಿಪಡಿಸುವ ಆಪರೇಷನ್ ಆದಮೇಲೆ ಬಸ್ ಡ್ರೈವರನಿಗೆ ಹಾಕಿದ್ದ ಮೂತ್ರದ ನಳಿಕೆಯನ್ನು ಡಾಕ್ಟರಮ್ಮ ಅಂದು ಬೆಳಿಗ್ಗೆ ತೆಗೆದರು. "ಚೆನ್ನಾಗಿ ನೀರು ಕುಡೀರಿ. ಸಲೀಸಾಗಿ ಹೋಯ್ತು ಅಂದ್ರೆ ಇವತ್ತೇ ಮನೆಗೆ."

ಮನೆಯವರು ಹೆಣ್ಣೆಂದು ತೊಟ್ಟಿಲಿಗೆ ಹಾಕಿದ್ದರೂ, ತಾನು ಗಂಡೆಂಬುದು ಬುದ್ಧಿ ಬಂದಾಗಿನಿಂದಲೇ ಅವನಿಗೆ ಗೊತ್ತಿತ್ತು. ದೊಡ್ಡವನಾದ ಮೇಲೆ ದೇಹವನ್ನೂ ಗಂಡಾಗಿಸುವ ಶಸ್ತ್ರಚಿಕಿತ್ಸೆ ಆಯಿತು. ಆದರೆ ಹೊಸ ಮೂತ್ರನಾಳ ಬರಬರುತ್ತಾ ಕಿರಿದಾಗಿ ಉಚ್ಚೆ ಹನಿಹನಿಯಾಯಿತು, ಉರಿ ಪ್ರಾಣ ಹಿಂಡಿತು. ಹಿಂದಿನ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನವರು ಮೀಸೆ ನೋಡಿ ಅಟ್ಟಿದರು, ಗಂಡಸರ ವಾರ್ಡಿನವರು ಕಥೆ ಕೇಳಿ ಅಟ್ಟಿದರು. ಈ ಡಾಕ್ಟರಮ್ಮ ಮಾತ್ರ ಮೊದಲ ದಿನವೇ, "ನಿಮ್ಮನ್ನ ಏನಂತ ಕರೀಲಿ? ನಿಮ್ಮ ದೇಹದ ಬಗ್ಗೆ ಮಾತಾಡುವಾಗ ಯಾವ ಪದ ಬಳಸ್ಲಿ?" ಎಂದು ಕೇಳಿದ್ದರು. ಅವನು ಬಾಯಿ ತೆರೆಯುವ ಮೊದಲೇ ಜೊತೆಗಿದ್ದ ಅವನ ಅಮ್ಮ ಉತ್ತರ ಕೊಟ್ಟಿದ್ದಳು: "ಡ್ರೈವರ್ ಸಾಹೇಬ್ರು ಅನ್ನಿ, ಉಬ್ಬಿ ಹೋಗ್ತಾನೆ!"

ಈಗ ಡ್ರೈವರ್ ಸಾಹೇಬರು ಹೊಟ್ಟೆ ತಮಟೆಯಾಗುವಷ್ಟು ನೀರು ಕುಡಿದು ವಾರ್ಡಿನ ಶೌಚಾಲಯ ಹೊಕ್ಕರು. ನಿಂತರು. ನಿಂತೇ ಇದ್ದರು. ಹೆದರಿಕೆಗೆ ಒಂದು ತೊಟ್ಟೂ ಇಳಿಯಲೊಲ್ಲದು.

"ಏನಾಯ್ತೋ?" ಬಾಗಿಲಾಚೆಯಿಂದ ಅಮ್ಮ.

"ನೀನು ಅಲ್ಲಿ ನಿಂತ್ರೆ ಬರಲ್ಲಮ್ಮ!"

"ಚಿಕ್ಕವನಿದ್ದಾಗ ನಾನು ನಿಂತ್ರೇನೇ ಬರ್ತಿತ್ತು," ಎಂದವಳೇ ಅಮ್ಮ ಕೂಸಿಗೆ ಮಾಡುವಂತೆ, "ಸ್ಸ್ಸ್... ಸ್ಸ್ಸ್..." ಎಂದು ಶುರುಮಾಡಿದಳು.

ಪಕ್ಕದ ಮಂಚದಲ್ಲಿ ಪ್ರಾಸ್ಟೇಟ್ ಆಪರೇಷನ್ ಆಗಿದ್ದ ನಿವೃತ್ತ ಮೇಷ್ಟ್ರು ಎದ್ದು ಕೂತರು. "ಒಬ್ಬರಿಂದ ಆಗೋ ಕೆಲಸ ಅಲ್ಲಮ್ಮ ಅದು," ಎಂದು ಅವರೂ ದನಿಗೂಡಿಸಿದರು. ಕಿಡ್ನಿ ಕಲ್ಲಿಗೆಂದು ಬಂದಿದ್ದ ಕಟುಕ ಸೇರಿಕೊಂಡ. ಅವನ ಅತ್ತೆ ಸೇರಿಕೊಂಡಳು. ನೋಡನೋಡುತ್ತಲೇ ಇಡೀ ವಾರ್ಡು ಪ್ರೆಷರ್ ಕುಕ್ಕರಿನಂತೆ ಸೀಟಿ ಹಾಕತೊಡಗಿತು.

ಒಳಗೆ ಡ್ರೈವರನಿಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆ ನಗುವಿನಲ್ಲಿ ಬಿಗಿದ ಮೈ ಸಡಿಲಾಯಿತು. ಉರಿಯಿಲ್ಲ, ತಡೆಯಿಲ್ಲ, ನೆಟ್ಟಗೆ ಧಾರೆ! ನಿಂತುಕೊಂಡೇ!

"ಬಂತು! ಅಮ್ಮಾ, ಬಂತು! ಚಪ್ಪಲಿ ಮೇಲೂ ಬಂತು!"

"ಚಪ್ಪಲಿ ಹಾಳಾಗಿ ಹೋಗ್ಲಿ!" ಅಮ್ಮ ಸಿಕ್ಕಿದ ನರ್ಸನ್ನೇ ತಬ್ಬಿ ಗಿರಗಿರನೆ ತಿರುಗಿಸಿದಳು.

ಡ್ರೈವರ್ ಒಳಗೇ ನಿಂತು ತನ್ನ ಪೌರುಷವನ್ನು ಸವಿಯುತ್ತಿದ್ದರೆ, ಯಾರೋ ಬಾಗಿಲನ್ನು ದಬದಬ ಬಡಿದರು. ಹೊರಗೆ ಮೇಷ್ಟ್ರು ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದರು. ಅವರ ಹಿಂದೆ ಕಟುಕ, ಅವನ ಹಿಂದೆ ಮಿಕ್ಕವರೆಲ್ಲ.

"ಬೇಗ ಬಾರಯ್ಯಾ! ನಿನಗೋಸ್ಕರ ಸ್ಸ್ ಅಂದು ಅಂದು ನಮ್ಮ ಗತಿ ನೋಡು!"